ಬಂಗ್ಸಾರಿನಲ್ಲಿ ಮಲೇಷ್ಯಾ ಊಟ: ಸಾರು ಯಾವುದು ಅಂತ ಮೊದಲು ಕೇಳಿ

ಕ್ವಾಲಾಲಂಪುರಕ್ಕೆ ಹೋಗಿಬಂದ ಎಷ್ಟೋ ಕನ್ನಡದವರು ಪೆಟ್ರೊನಾಸ್ ಗೋಪುರ, ಬಾತು ಗುಹೆ, ಗೆಂಟಿಂಗ್ ಎಲ್ಲ ನೋಡಿರುತ್ತಾರೆ. ಊಟದ ಮಾತು ಬಂದರೆ ಮಾತ್ರ "ಅಲ್ಲಿ ನಮಗೇನೂ ಸಿಗಲ್ಲ" ಅನ್ನುತ್ತಾರೆ. ಟೂರ್‌ನವರು ಕರೆದುಕೊಂಡು ಹೋದ ಹೋಟೆಲಿನಲ್ಲಿ ನಾನ್, ಪನೀರ್ ತಿಂದು ವಾಪಸ್ ಬಂದಿರುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ನಮ್ಮ ನಾಲಿಗೆಗೆ ಇಷ್ಟು ಹತ್ತಿರದ ಅಡುಗೆ ಇರುವ ಹೊರದೇಶ ಬೇರೆ ಸಿಗುವುದು ಕಷ್ಟ. ತೆಂಗಿನಹಾಲು, ಹುಣಸೆ, ಒಣಮೆಣಸಿನಕಾಯಿ, ಕರಿಬೇವು, ಬಾಳೆಲೆ, ಎಲ್ಲ ಅಲ್ಲಿವೆ. ಕೇಳುವ ರೀತಿ ಗೊತ್ತಿರಬೇಕು, ಅಷ್ಟೇ.

ಆ ರೀತಿ ಕಲಿಯಲು ಒಳ್ಳೆಯ ಜಾಗ ಕ್ವಾಲಾಲಂಪುರದ ಬಂಗ್ಸಾರ್ ಬಡಾವಣೆ. ನೂರು ವರ್ಷದ ಹಿಂದೆ ಅಲ್ಲಿ ರಬ್ಬರ್ ತೋಟಗಳಿದ್ದವು. ಈಗ ತೆಲಾವಿ ಅನ್ನುವ ಬೀದಿಗಳ ಸುತ್ತ ಕಾಫಿ ಅಂಗಡಿ, ಬಟ್ಟೆ ಅಂಗಡಿ, ಬಾರು, ಬೇಕರಿ ತುಂಬಿವೆ. ಊರಿನ ಹೊಸ ಫ್ಯಾಷನ್ನೆಲ್ಲ ಅಲ್ಲಿ ಕಾಣುತ್ತದೆ. ಆದರೆ ಅದೇ ಬೀದಿಯಲ್ಲಿ ರಾತ್ರಿ ಹತ್ತರ ಮೇಲೆ ಜನ ಗಿಜಿಗುಡುವುದು ಸ್ಟೀಲ್ ಮೇಜು, ಪ್ಲಾಸ್ಟಿಕ್ ಕುರ್ಚಿ ಹಾಕಿದ ಹೋಟೆಲುಗಳಲ್ಲಿ. ದೊಡ್ಡ ಕಾರಿನಲ್ಲಿ ಬಂದವರು, ಡೆಲಿವರಿ ಹುಡುಗರು, ಕಾಲೇಜು ಮಕ್ಕಳು, ಅಜ್ಜ ಅಜ್ಜಿ, ಎಲ್ಲರೂ ಪಕ್ಕಪಕ್ಕದ ಮೇಜಿನಲ್ಲಿ ಕೂತಿರುತ್ತಾರೆ. ಮಲಯ, ಚೀನಿ, ತಮಿಳು ಮನೆಮಾತಿನವರು ಒಂದೇ ರೊಟ್ಟಿ, ಒಂದೇ ಚಹಾ ಕೇಳುತ್ತಾರೆ. ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಯನ್ನು ಯುನೆಸ್ಕೊ 2024ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಅದರಲ್ಲಿ ನಾಸಿ ಲೆಮಾಕ್ ಅನ್ನುವ ತೆಂಗಿನಹಾಲಿನ ಅನ್ನ, ರೊಟಿ ಚಾನಾಯ್ ಅನ್ನುವ ಮೈದಾ ರೊಟ್ಟಿ, ತೇ ತಾರಿಕ್ ಅನ್ನುವ ನೊರೆ ಚಹಾ ಮೂರೂ ಇವೆ. ಅಲ್ಲಿನವರು ಈ ತಿಂಡಿಗಳನ್ನು ಬೆಳಗ್ಗೆಗೆ ಮಾತ್ರ ಅಂತ ಬಿಟ್ಟಿಲ್ಲ. ನಡುರಾತ್ರಿಯಲ್ಲೂ ತಿನ್ನುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಹೋಟೆಲಿನ ಬೋರ್ಡ್ ನೋಡಿದರೆ ಸಸ್ಯಾಹಾರಿಯೋ ಮಾಂಸಾಹಾರಿಯೋ ಗೊತ್ತಾಗುತ್ತದೆ. ಅಲ್ಲಿ ಬೋರ್ಡ್ ಹೇಳುವುದಿಲ್ಲ, ತಿಂಡಿಯ ಹೆಸರೂ ಪೂರ್ತಿ ಹೇಳುವುದಿಲ್ಲ. ಹೇಳುವುದು ಸಾರು. ಅಲ್ಲಿ ಅದಕ್ಕೆ ಕುವಾ ಅನ್ನುತ್ತಾರೆ. ರೊಟ್ಟಿಯಲ್ಲಿ ಏನೂ ಇಲ್ಲದೆ ಇರಬಹುದು, ಅದರ ಮೇಲೆ ಸುರಿದ ಸಾರಿನಲ್ಲಿ ಮೀನು ಇರುತ್ತದೆ. ಮಾಂಸ ತಿನ್ನುವವರಿಗೂ ಇದೇ ಲೆಕ್ಕ. ಒಂದೇ ಕೋಳಿ ತುಂಡು, ಮೇಲೆ ಬೀಳುವ ಸಾರು ಬದಲಾದರೆ ಬೇರೆಯದೇ ಊಟ. ಹಾಗಾಗಿ ಕೂತ ಮೇಲೆ ಏನು ಕೇಳಿದರೂ ಅದರ ಜೊತೆ ಕುವಾ ಯಾವುದು ಅಂತ ಕೇಳಿ.

ಯಾವ ಹೋಟೆಲು, ಯಾವ ಹೊತ್ತು

ತೆಲಾವಿ ಬೀದಿಗಳಲ್ಲಿ ನಿಮಗೆ ಮುಖ್ಯವಾಗಿ ಎರಡು ಥರದ ಜಾಗ ಬೇಕು. ಒಂದು ಮಾಮಾಕ್ ಹೋಟೆಲು. ತಮಿಳು ಮುಸ್ಲಿಮರು ಶುರುಮಾಡಿದ ಪದ್ಧತಿ ಇದು. ಮುಂಭಾಗ ತೆರೆದಿರುತ್ತದೆ, ಗೋಡೆಯ ಮೇಲೆ ದೊಡ್ಡ ಟಿವಿ ಇರುತ್ತದೆ, ರೊಟ್ಟಿ ಬೀಸುವ ಕಾವಲಿ ಬೀದಿಗೇ ಕಾಣುತ್ತದೆ. ಇನ್ನೊಂದು ಬಾಳೆಲೆ ಊಟದ ಹೋಟೆಲು. ಇದು ಹೆಚ್ಚಾಗಿ ತಮಿಳು ಅಡುಗೆ, ಆದರೆ ಮಲೇಷ್ಯಾದಲ್ಲೇ ಬೆಳೆದ ತಮಿಳು ಅಡುಗೆ. ಬಂಗ್ಸಾರಿನಲ್ಲಿ ಶ್ರೀ ನಿರ್ವಾಣ ಮಾಜು ಬಾಳೆಲೆ ಊಟಕ್ಕೆ ಹೆಸರಾದದ್ದು. ಅಲ್ಲಿನ ಕರಿದ ಹಾಗಲಕಾಯಿಗೆಂದೇ ಜನ ಸಾಲು ನಿಲ್ಲುತ್ತಾರೆ. ರಾತ್ರಿ ರೊಟ್ಟಿ, ಚಹಾ, ಹರಟೆಗೆ ದೇವೀಸ್ ಕಾರ್ನರ್ ಬಹಳ ಜನಕ್ಕೆ ಗೊತ್ತಿರುವ ಜಾಗ. ಇವೆರಡೇ ಅಂತಲ್ಲ. ಸುತ್ತ ನಡೆದು ನೋಡಿ, ಕಾವಲಿ ಮುಂದೆ ಜನ ಜಾಸ್ತಿ ಇರುವಲ್ಲಿ ಕೂತುಕೊಳ್ಳಿ.

ಬಾಳೆಲೆ ಊಟಕ್ಕೆ ಮಧ್ಯಾಹ್ನ ಹನ್ನೆರಡೂವರೆಯ ಒಳಗೆ ಹೋಗಿ. ಪಲ್ಯ ಬಿಸಿ ಇರುತ್ತದೆ, ಕಾಯುವುದೂ ಕಡಿಮೆ. ಮಾಮಾಕ್‌ಗೆ ರಾತ್ರಿ ಒಂಬತ್ತರ ಮೇಲೆ ಹೋಗಿ. ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯ ಇದ್ದ ರಾತ್ರಿ ಗಲಾಟೆ ಚೆನ್ನಾಗಿರುತ್ತದೆ, ಆದರೆ ಟಿವಿ ಕಾಣುವ ಮೇಜು ಸಿಗುವುದಿಲ್ಲ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಹಾಗಾಗಿ ಬೆಂಗಳೂರಿನಿಂದ ಹೊಸದಾಗಿ ಬಂದವರಿಗೆ ಅಲ್ಲಿನ ರಾತ್ರಿ ಹತ್ತೂವರೆ ಅಂದರೆ ಹೊಟ್ಟೆಯ ಲೆಕ್ಕದಲ್ಲಿ ಎಂಟು ಗಂಟೆ. ಮೊದಲ ಒಂದೆರಡು ದಿನ ಇದು ಅನುಕೂಲವೇ.

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು. ಮುಸ್ಲಿಮರ ಹೋಟೆಲುಗಳಲ್ಲಿ ಆಗ ಕೆಲಸದವರು ಕಡಿಮೆ, ಸುಮ್ನೆ ಅವಸರ ಮಾಡಬೇಡಿ. ರಂಜಾನ್ ತಿಂಗಳಲ್ಲಿ ಹಗಲು ಹಲವು ಕಡೆ ಬಾಗಿಲು ಹಾಕಿರುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಮೇಜುಗಳೆಲ್ಲ ಉಪವಾಸ ಬಿಡುವವರಿಗೆ ಮೀಸಲಾಗಿರುತ್ತವೆ. ಆ ತಿಂಗಳಲ್ಲಿ ಹೋದರೆ ಒಂಬತ್ತರ ನಂತರ ಹೋಗುವುದೇ ಸರಿ.

ಹೋಗುವ ದಾರಿ ಸುಲಭ. ಊರಿನ ದೊಡ್ಡ ರೈಲು ನಿಲ್ದಾಣ ಕೆಎಲ್ ಸೆಂಟ್ರಲ್‌ನಿಂದ ಕೆಲಾನಾ ಜಾಯಾ ಮಾರ್ಗದ ರೈಲಿನಲ್ಲಿ ಮುಂದಿನ ನಿಲ್ದಾಣವೇ ಬಂಗ್ಸಾರ್. ಆದರೆ ನಿಲ್ದಾಣದಿಂದ ತೆಲಾವಿ ನಡೆದು ಹೋಗುವಷ್ಟು ಹತ್ತಿರ ಇಲ್ಲ. ಬಿಸಿಲು, ಮಳೆ ಎರಡೂ ಜೋರು. ಅಲ್ಲಿಂದ ಗ್ರ್ಯಾಬ್ ಆ್ಯಪ್‌ನಲ್ಲಿ ಟ್ಯಾಕ್ಸಿ ಹಿಡಿಯಿರಿ. ಸ್ವಂತ ಕಾರಿದ್ದರೆ ರಾತ್ರಿ ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ.

ಕೂತ ತಕ್ಷಣ ಕುಡಿಯೋದು ಹೇಳಿ

ಮಾಮಾಕ್‌ನಲ್ಲಿ ಯಾರೂ ನಿಮ್ಮನ್ನು ಮೇಜಿಗೆ ಕರೆದುಕೊಂಡು ಹೋಗುವುದಿಲ್ಲ. ಖಾಲಿ ಮೇಜು ಕಂಡರೆ ಕೂತುಬಿಡಿ. ಒಂದು ನಿಮಿಷದೊಳಗೆ ಒಬ್ಬರು ಬಂದು "ಮಿನುಮ್?" ಅಂತ ಕೇಳುತ್ತಾರೆ. ಏನು ಕುಡಿಯುತ್ತೀರಿ ಅಂತ. ಆಗ ಮೆನು ಹುಡುಕುತ್ತಾ ಕೂತರೆ ಅವರು ಬೇರೆ ಮೇಜಿಗೆ ಹೋಗಿಬಿಡುತ್ತಾರೆ. ಕುಡಿಯೋದು ಮೊದಲು, ತಿನ್ನೋದು ನಿಧಾನಕ್ಕೆ. ಇದು ಅಲ್ಲಿನ ಕ್ರಮ. ಕರೆಯಬೇಕಾದರೆ "ಬಾಸ್" ಅನ್ನಿ, ಇಲ್ಲ "ಅಣ್ಣೆ" ಅನ್ನಿ. ಎರಡೂ ಮರ್ಯಾದೆಯ ಮಾತೇ. ಮಲಯ ಹೋಟೆಲಿನಲ್ಲಿ ಹೆಂಗಸರು ಬಡಿಸುತ್ತಿದ್ದರೆ "ಕಾಕ್", ಅಂದರೆ ಅಕ್ಕ.

ಚಹಾ ಕೇಳುವ ರೀತಿ ಕಲಿತರೆ ಅರ್ಧ ಯುದ್ಧ ಗೆದ್ದಹಾಗೆ. ಬರೀ "ತೇ" ಅಂದರೆ ಸಿಹಿ ಕಂಡೆನ್ಸ್‌ಡ್ ಮಿಲ್ಕ್ ಹಾಕಿದ ಚಹಾ. "ತೇ ಓ" ಅಂದರೆ ಹಾಲಿಲ್ಲ, ಸಕ್ಕರೆ ಉಂಟು. "ತೇ ಸಿ" ಅಂದರೆ ಸಿಹಿಯಿಲ್ಲದ ಗಟ್ಟಿ ಹಾಲು, ಜೊತೆಗೆ ಸಕ್ಕರೆ. ಕೊನೆಗೆ "ಕೊಸೊಂಗ್" ಸೇರಿಸಿದರೆ ಸಕ್ಕರೆ ಬೇಡ ಅಂತ. "ಕುರಾಂಗ್ ಮಾನಿಸ್" ಅಂದರೆ ಸಿಹಿ ಕಡಿಮೆ. "ಐಸ್" ಅಂದರೆ ಐಸೇ, "ಪಾನಾಸ್" ಅಂದರೆ ಬಿಸಿ. "ಹಾಲಿಯಾ" ಅಂದರೆ ಶುಂಠಿ. ಸಕ್ಕರೆ ಕಾಯಿಲೆ ಇರುವ ಹಿರಿಯರು ಜೊತೆಗಿದ್ದರೆ "ತೇ ಸಿ ಕೊಸೊಂಗ್ ಪಾನಾಸ್" ಅನ್ನುವುದನ್ನು ಬಾಯಿಪಾಠ ಮಾಡಿಕೊಳ್ಳಿ. ನಮ್ಮ ಸಕ್ಕರೆ ಇಲ್ಲದ ಚಹಾಕ್ಕೆ ಅದೇ ಹತ್ತಿರ. ತೇ ತಾರಿಕ್‌ನಲ್ಲಿ ಸಿಹಿ ತುಂಬಾ ಜಾಸ್ತಿ. ಆದರೂ ಮೊದಲ ಸಲ ಹೋದವರು ಅದನ್ನೇ ಕುಡಿಯಬೇಕು ಅಂತ ನನ್ನ ಆಸೆ. ಎರಡು ಲೋಟಗಳ ನಡುವೆ ಎತ್ತರದಿಂದ ಹುಯ್ದು ಹುಯ್ದು ನೊರೆ ಬರಿಸುವುದನ್ನು ನೋಡಿ. ಹುಯ್ಯುವಾಗ ಚಹಾ ಸ್ವಲ್ಪ ಆರುತ್ತದೆ, ಹಾಲು ಚೆನ್ನಾಗಿ ಬೆರೆಯುತ್ತದೆ. ಮೈಸೂರು, ಹಾಸನದ ಕಾಫಿ ಹೋಟೆಲಿನಲ್ಲಿ ಕಾಫಿ ಆರಿಸುವುದನ್ನು ನೋಡಿ ಬೆಳೆದವರಿಗೆ ಆ ಕೈಚಳಕ ಅರ್ಥವಾಗುತ್ತದೆ.

ಸೆಕೆಗೆ "ತೇ ಓ ಐಸ್ ಲಿಮಾವ್" ಒಳ್ಳೆಯದು. ಹಾಲಿಲ್ಲದ ಚಹಾ, ನಿಂಬೆ, ಐಸು. ಮಕ್ಕಳಿಗೆ ಮೈಲೊ, ಅಥವಾ ಗುಲಾಬಿ ಶರಬತ್ತಿಗೆ ಹಾಲು ಬೆರೆಸಿದ ಸಿರಾಪ್ ಬಂಡುಂಗ್. ಬರೀ ನೀರು ಬೇಕಾದರೆ "ಆಯರ್ ಕೊಸೊಂಗ್", ಉಗುರುಬೆಚ್ಚಗಿನದು ಬೇಕಾದರೆ "ಆಯರ್ ಸುವಾಮ್". ನೀರಿಗೂ ಕೆಲವು ಸೆನ್, ಅಂದರೆ ಅಲ್ಲಿನ ಪೈಸೆ, ಹಾಕುತ್ತಾರೆ. ಅದು ಮೋಸ ಅಲ್ಲ, ಅಲ್ಲಿನ ರೂಢಿ. ಮಾಮಾಕ್‌ನಲ್ಲಿ ಮದ್ಯ ಇರುವುದಿಲ್ಲ. ಹೋಟೆಲಿನೊಳಗೆ ಸಿಗರೇಟಿಗೆ 2019ರ ಜನವರಿಯಿಂದ ದೇಶದ ತುಂಬ ನಿಷೇಧ ಇದೆ, ಹೊರಗೆ ಹಾಕಿದ ಮೇಜಿಗೂ ಅದು ಅನ್ವಯ.

ರೊಟ್ಟಿಯಿಂದ ಶುರುಮಾಡಿ

ಮೊದಲ ಸುತ್ತಿಗೆ ರೊಟಿ ಚಾನಾಯ್ ಕೇಳಿ. ಮೈದಾ ಹಿಟ್ಟನ್ನು ಎಣ್ಣೆಯಲ್ಲಿ ನೆನೆಸಿಟ್ಟು, ಗಾಳಿಯಲ್ಲಿ ಬೀಸಿ ಬೀಸಿ ಪೇಪರಿನಷ್ಟು ತೆಳು ಮಾಡಿ, ಮಡಚಿ ಬೇಯಿಸುತ್ತಾರೆ. ಕೇರಳದ ಪರೋಟದ ಬಂಧು. ಆದರೆ ಅದಕ್ಕಿಂತ ಹಗುರ, ಹೊರಗೆ ಗರಿಗರಿ. ಕಾವಲಿಯಿಂದ ಇಳಿದ ಐದು ನಿಮಿಷದಲ್ಲಿ ತಿಂದರೆ ಅದರ ರುಚಿಯೇ ಬೇರೆ. ಅದಕ್ಕೇ ಎಲ್ಲರಿಗೂ ಒಟ್ಟಿಗೆ ಹತ್ತು ರೊಟ್ಟಿ ಹೇಳಬೇಡಿ. ತಲೆಗೆ ಒಂದು ಹೇಳಿ, ತಿನ್ನುತ್ತಾ ಮತ್ತೊಂದು ಹೇಳಿ.

ಈರುಳ್ಳಿ ಹಾಕಿದ್ದು ರೊಟಿ ಬಾವಾಂಗ್. ಮೊಟ್ಟೆ ಹಾಕಿದ್ದು ರೊಟಿ ತೆಲುರ್. ಬಾಳೆಹಣ್ಣು ಹಾಕಿದ್ದು ರೊಟಿ ಪಿಸಾಂಗ್. ಸಣ್ಣಗೆ, ದಪ್ಪಗೆ, ಸಿಹಿಯಾಗಿ ಇರುವುದು ರೊಟಿ ಬೊಮ್. ಮಕ್ಕಳು ಇದ್ದರೆ ರೊಟಿ ತಿಸು ತರಿಸಿ. ಶಂಕುವಿನ ಹಾಗೆ ಎತ್ತರಕ್ಕೆ ನಿಲ್ಲಿಸಿ, ಮೇಲೆ ಸಕ್ಕರೆ, ಕಂಡೆನ್ಸ್‌ಡ್ ಮಿಲ್ಕ್ ಹಾಕಿ ತಂದಿಡುತ್ತಾರೆ. ಒಂದು ತಟ್ಟೆ ನಾಲ್ಕು ಮಕ್ಕಳಿಗೆ ಸಾಕು. ಮೊಟ್ಟೆ ತಿನ್ನದವರು ಒಂದು ಮಾತು ನೆನಪಿಡಿ. ಕೆಲವು ಕಡೆ ಹಿಟ್ಟು ಕಲಸುವಾಗಲೇ ಮೊಟ್ಟೆ ಹಾಕುತ್ತಾರೆ. "ಅದಾ ತೆಲುರ್?" ಅಂತ ಹಿಟ್ಟು ತೋರಿಸಿ ಕೇಳಿ. ಮೊಟ್ಟೆ ಇದೆಯಾ ಅಂತ ಅರ್ಥ.

ತೋಸೈ ಅಂತ ಮೆನುವಿನಲ್ಲಿ ಇರುವುದು ನಮ್ಮ ದೋಸೆಯೇ. ಹುಳಿ ಸ್ವಲ್ಪ ಮುಂದೆ, ಮೆತ್ತಗೆ ಜಾಸ್ತಿ. ದಾವಣಗೆರೆ ಬೆಣ್ಣೆದೋಸೆಯ ಮನಸ್ಸಿಟ್ಟುಕೊಂಡು ತಿನ್ನಬೇಡಿ, ಅದರ ಪಾಡಿಗೆ ಅದು ಚೆನ್ನಾಗಿದೆ. ಪುಟು ಮಾಯಾಮ್ ಕಂಡರೆ ಬಿಡಬೇಡಿ. ಅದು ನಮ್ಮ ಒತ್ತು ಶ್ಯಾವಿಗೆ. ತೆಂಗಿನತುರಿ, ಕಂದು ಸಕ್ಕರೆ ಜೊತೆ ಕೊಡುತ್ತಾರೆ. ಮಲೆನಾಡಿನವರಿಗೆ, ಕರಾವಳಿಯವರಿಗೆ ಅದು ಮನೆಯ ತಿಂಡಿಯೇ ಅಲ್ವಾ?

ಈಗ ಸಾರಿನ ವಿಷಯ

ರೊಟ್ಟಿಯ ಜೊತೆ ಸಾಮಾನ್ಯವಾಗಿ ಮೂರು ಬರುತ್ತವೆ. ಬೇಳೆಯ ಸಾರು, ಮೀನು ಅಥವಾ ಕೋಳಿ ಸಾರು, ಕೆಂಪು ಸಂಬಾಲ್. ಹಲವು ಕಡೆ ಕೇಳದೆಯೇ ಬೇಳೆಯ ಮೇಲೆ ಮೀನು ಸಾರು ಒಂದು ಸೌಟು ಹುಯ್ದು ತಂದಿಡುತ್ತಾರೆ. ಅವರಿಗೆ ಅದು ಒಳ್ಳೆಯ ಉಪಚಾರ. ನಿಮಗೆ ಬೇಡವಾದರೆ ಮೊದಲೇ "ಕುವಾ ದಾಲ್ ಸಾಜಾ" ಅನ್ನಿ. ಬೇಳೆ ಸಾರು ಮಾತ್ರ ಅಂತ. ಇಷ್ಟಕ್ಕೇ ನಿಲ್ಲಿಸಬೇಡಿ. ಮಾಮಾಕ್‌ನ ದಾಲ್ಚಾ ಅನ್ನುವ ಬೇಳೆ ಸಾರಿಗೆ ಕೆಲವರು ಕುರಿಯ ಮೂಳೆ ಹಾಕಿ ಕುದಿಸುತ್ತಾರೆ. ನೋಡಿದರೆ ಗೊತ್ತಾಗುವುದಿಲ್ಲ. ಬದನೆ, ಆಲೂಗಡ್ಡೆ ತೇಲುತ್ತಿರುತ್ತದೆ. ಕೇಳಿಯೇ ತಿಳಿಯಬೇಕು.

ಸಂಬಾಲ್ ಇನ್ನೂ ಹುಷಾರು. ಬಣ್ಣ ನಮ್ಮ ಕೆಂಪು ಚಟ್ನಿಯದು. ಆದರೆ ಹೆಚ್ಚಿನ ಸಂಬಾಲ್‌ಗೆ ಬೆಲಾಚಾನ್ ಹಾಕುತ್ತಾರೆ. ಅದು ಸಣ್ಣ ಸಿಗಡಿಯನ್ನು ಉಪ್ಪು ಹಾಕಿ ಹುಳಿಬರಿಸಿ ಒಣಗಿಸಿದ ಗಟ್ಟಿ. ಸೊಪ್ಪಿನ ಪಲ್ಯದಲ್ಲೂ ಅದು ಇರುತ್ತದೆ. ಕಾಂಗ್ಕುಂಗ್ ಬೆಲಾಚಾನ್ ಅಂತ ಒಂದು ಪ್ರಸಿದ್ಧ ಸೊಪ್ಪಿನ ಪಲ್ಯವಿದೆ, ಎಲೆ ಮಾತ್ರ ನೋಡಿ ಸಸ್ಯಾಹಾರ ಅಂದುಕೊಳ್ಳುವುದು ಸುಲಭ. ನಾಸಿ ಲೆಮಾಕ್ ಕೂಡ ಹಾಗೇ. ತೆಂಗಿನಹಾಲಿನಲ್ಲಿ, ಪಾಂದಾನ್ ಎಲೆ ಹಾಕಿ ಬೇಯಿಸಿದ ಅನ್ನ ಬಹಳ ಘಮಘಮ. ಜೊತೆಗೆ ಬರುವ ಸಂಬಾಲ್, ಅದರ ಪಕ್ಕದ ಒಣಮೀನು ಸಸ್ಯಾಹಾರಿಗಳಿಗೆ ಆಗುವುದಿಲ್ಲ. ಆ ಸಣ್ಣ ಒಣಮೀನಿಗೆ ಇಕಾನ್ ಬಿಲಿಸ್ ಅನ್ನುತ್ತಾರೆ. ಮಂಗಳೂರು, ಕಾರವಾರದ ಕಡೆಯ ಮೀನು ತಿನ್ನುವವರಿಗೆ ಇದೇ ತಟ್ಟೆ ಹಬ್ಬ.

ಸಸ್ಯಾಹಾರಿಗಳು "ವೆಜಿಟೇರಿಯನ್" ಅಂತ ಒಂದೇ ಮಾತು ಹೇಳಿ ನಂಬಿ ಕೂರಬೇಡಿ. ಎಷ್ಟೋ ಜನರಿಗೆ ಅದು ಮಾಂಸದ ತುಂಡು ಬೇಡ ಅನ್ನುವಷ್ಟೇ ಅರ್ಥ ಕೊಡುತ್ತದೆ. ಬೇಡದ್ದನ್ನು ಹೆಸರು ಹಿಡಿದು ಹೇಳಿ. "ಸಾಯಾ ತಕ್ ಮಾಕಾನ್ ಆಯಾಮ್, ಇಕಾನ್, ಉದಾಂಗ್, ಬೆಲಾಚಾನ್." ನಾನು ಕೋಳಿ, ಮೀನು, ಸಿಗಡಿ, ಬೆಲಾಚಾನ್ ತಿನ್ನುವುದಿಲ್ಲ ಅಂತ. ಮೊಟ್ಟೆ ಬೇಡವಾದರೆ ತೆಲುರ್ ಸೇರಿಸಿ. ತಮಿಳು ಬರುವವರಿಗೆ ಇನ್ನೂ ಸುಲಭ. ಕೋಲಾರ, ಬೆಂಗಳೂರಿನ ಕಡೆಯವರಿಗೆ ಅಷ್ಟು ತಮಿಳು ಬಂದೇ ಬರುತ್ತದೆ. "ಅಣ್ಣೆ, ಮೀನ್ ಕುಳಂಬು ವೇಂಡಾಂ, ಸಾಂಬಾರ್ ಮಟ್ಟುಂ" (ಮೀನು ಸಾರು ಬೇಡ, ಸಾಂಬಾರ್ ಮಾತ್ರ) ಅಂದರೆ ಬಡಿಸುವವರ ಮುಖವೇ ಅರಳುತ್ತದೆ.

ದನದ ಮಾಂಸ ತಿನ್ನದವರು "ದಾಗಿಂಗ್" ಅನ್ನುವ ಮಾತು ಗುರುತಿಟ್ಟುಕೊಳ್ಳಿ. ಪದದ ಅರ್ಥ ಮಾಂಸ. ಆದರೆ ಮೆನುವಿನಲ್ಲಿ ಬರೀ ದಾಗಿಂಗ್ ಅಂತ ಬರೆದಿದ್ದರೆ ಅದು ದನದ್ದೇ. ರೆಂಡಾಂಗ್ ದಾಗಿಂಗ್, ಮುರ್ತಾಬಾಕ್ ದಾಗಿಂಗ್ ಹೀಗೆ. ಕುರಿ ಅಥವಾ ಮೇಕೆಗೆ "ಕಾಂಬಿಂಗ್". ಕೋಳಿಗೆ "ಆಯಾಮ್". ಕಾವಲಿ, ಸೌಟು ಎಲ್ಲಕ್ಕೂ ಒಂದೇ ಇರುತ್ತದೆ. ಅದು ಮನಸ್ಸಿಗೆ ಒಗ್ಗದವರು, ಮಡಿ ಪಾಲಿಸುವವರು ಮಾಮಾಕ್‌ನಲ್ಲಿ ಚಹಾ ಮಾತ್ರ ಕುಡಿದು, ಊಟಕ್ಕೆ ಕೆಎಲ್ ಸೆಂಟ್ರಲ್ ಪಕ್ಕದ ಬ್ರಿಕ್‌ಫೀಲ್ಡ್ಸ್‌ಗೆ ಹೋಗಬಹುದು. ಅಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲುಗಳಿವೆ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಚೀನಿ ಬೌದ್ಧರ ಸಸ್ಯಾಹಾರಿ ಅಂಗಡಿಗಳು ಒಳ್ಳೆಯವು. ಅವರೂ ಅದನ್ನು ಬಳಸುವುದಿಲ್ಲ. ಮೊಟ್ಟೆ ಮಾತ್ರ ಕೇಳಿ ನೋಡಿ.

ನಾಸಿ ಕಾಂದಾರ್: ಕೈತೋರಿಸಿ ತಿನ್ನುವ ಊಟ

ಮಾಂಸ, ಮೀನು ತಿನ್ನುವವರು ಇದನ್ನು ತಪ್ಪಿಸಬೇಡಿ. ಇದರ ಊರು ಪೆನಾಂಗ್. ತಮಿಳು ಮುಸ್ಲಿಮ್ ವ್ಯಾಪಾರಿಗಳು ಹೆಗಲ ಮೇಲೆ ಕಾವಡಿ ಹೊತ್ತು, ಒಂದು ಕಡೆ ಅನ್ನ, ಇನ್ನೊಂದು ಕಡೆ ಸಾರು ಇಟ್ಟುಕೊಂಡು ಬೀದಿಬೀದಿ ಮಾರುತ್ತಿದ್ದರು. ಈಗ ಗಾಜಿನ ಪೆಟ್ಟಿಗೆಯೊಳಗೆ ತಟ್ಟೆತಟ್ಟೆ ಇಟ್ಟಿರುತ್ತಾರೆ. ಕೋಳಿ ಕರಿದದ್ದು, ಕುರಿ ಸಾರು, ಬಂಗುಡೆಯಂಥ ಮೀನು, ಸ್ಕ್ವಿಡ್, ಬೆಂಡೆಕಾಯಿ, ಎಲೆಕೋಸು. ತಟ್ಟೆಗೆ ಅನ್ನ ಹಾಕಿಸಿಕೊಂಡು ಬೇಕಾದ್ದನ್ನು ತೋರಿಸಿ. ಬೆರಳು ಚಾಚಿ ತೋರಿಸುವುದಕ್ಕಿಂತ ಹೆಬ್ಬೆರಳಿನಿಂದ ತೋರಿಸುವುದು ಮಲಯ ಮರ್ಯಾದೆ.

ಕೊನೆಗೆ ಸಾರು. "ಕುವಾ ಚಾಂಪುರ್" ಅಂದರೆ ನಾಲ್ಕೈದು ಪಾತ್ರೆಯಿಂದ ಒಂದೊಂದು ಸೌಟು ಬೆರೆಸಿ ಹಾಕುತ್ತಾರೆ. "ಬಾಂಜಿರ್" ಅಂದರೆ ಅನ್ನ ಮುಳುಗುವಷ್ಟು. ನಮ್ಮವರಿಗೆ ಸಾರು ಬೆರೆಸುವುದು ಅಷ್ಟು ಹಿಡಿಸುವುದಿಲ್ಲ ಅಂತ ಗೊತ್ತು. ಇಲ್ಲಿ ಮಾತ್ರ ಬೆರೆಸಿಯೇ ತಿನ್ನಿ ಅಂತ ಒತ್ತಾಯ ಮಾಡುತ್ತೇನೆ. ಕೋಳಿಯ ಸಿಹಿ, ಮೀನಿನ ಹುಳಿ, ಕುರಿಯ ಮಸಾಲೆ ಸೇರಿದಾಗಲೇ ಅದು ನಾಸಿ ಕಾಂದಾರ್. ಬೇರೆಬೇರೆ ಹಾಕಿಸಿಕೊಂಡರೆ ಸಾಮಾನ್ಯ ಅನ್ನ ಸಾರು ಅಷ್ಟೇ. ಖಾರ ಕಡಿಮೆ ಬೇಕಾದರೆ "ಕುರಾಂಗ್ ಪೆಡಾಸ್" ಅನ್ನಿ.

ಒಂದು ಎಚ್ಚರ. ಇಲ್ಲಿ ಬೆಲೆಪಟ್ಟಿ ಎಲ್ಲ ಕಡೆ ಇರುವುದಿಲ್ಲ. ತಟ್ಟೆ ನೋಡಿ ಲೆಕ್ಕ ಹಾಕುತ್ತಾರೆ. ಕೋಳಿ, ತರಕಾರಿ ಅಗ್ಗ. ದೊಡ್ಡ ಸಿಗಡಿ, ಮೀನಿನ ತಲೆ, ಮೀನಿನ ಮೊಟ್ಟೆ ದುಬಾರಿ. ಅವನ್ನು ಹಾಕುವ ಮೊದಲೇ "ಬರಾಪಾ?", ಅಂದರೆ ಎಷ್ಟು, ಅಂತ ಕೇಳಿಬಿಡಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ, ಅಲ್ಲಿನವರೂ ಕೇಳುತ್ತಾರೆ.

ಬಾಳೆಲೆ ಊಟ

ಇದು ನಮಗೆ ತೀರಾ ಪರಿಚಿತ. ಎಲೆ, ಅನ್ನ, ಎರಡು ಮೂರು ಪಲ್ಯ, ಹಪ್ಪಳ, ಉಪ್ಪಿನಕಾಯಿ, ರಸಂ, ಮಜ್ಜಿಗೆ. ಅನ್ನ, ಪಲ್ಯ, ಸಾರು ಎಷ್ಟು ಸಲ ಬೇಕಾದರೂ ಬಡಿಸುತ್ತಾರೆ. ಬಿಳಿ ಅನ್ನವೋ ಕುಸುಬಲಕ್ಕಿಯೋ ಅಂತ ಕೆಲವು ಕಡೆ ಕೇಳುತ್ತಾರೆ. ಪರಿಚಿತ ಅಂತಲೇ ಮೈಮರೆಯುತ್ತೇವೆ. ಬಡಿಸುವವರು ಸಾಂಬಾರು, ಬೇಳೆ, ಕೋಳಿ, ಮೀನು, ಏಡಿ ಸಾರುಗಳ ಬಕೆಟ್ ಒಟ್ಟಿಗೆ ಹಿಡಿದು ಬರುತ್ತಾರೆ. ಅನ್ನದಲ್ಲಿ ಗುಳಿ ಮಾಡಿ ಕೂತರೆ ಮೊದಲು ಕೈಗೆ ಬಂದ ಸೌಟು ಬೀಳುತ್ತದೆ. ಅವರು ಹತ್ತಿರ ಬರುವ ಮೊದಲೇ ಹೇಳಿ. ಮೀನು ತಿನ್ನುವವರು ಮಾತ್ರ ಮೊದಲ ಸಲಕ್ಕೆ ಮೀನು ಸಾರನ್ನೇ ಹಾಕಿಸಿಕೊಳ್ಳಿ. ಹುಣಸೆ, ಮೆಂತ್ಯದ ಹದ ಬಹಳ ಚೆನ್ನ. ಕೋಳಿ ವರುವಲ್, ಮೀನು ಫ್ರೈ ಇವೆಲ್ಲ ತಟ್ಟೆಯಲ್ಲಿ ಹೊತ್ತು ಮೇಜಿಗೇ ತೋರಿಸುತ್ತಾರೆ, ಅದಕ್ಕೆ ಬೇರೆ ಹಣ. ಹಾಗಲಕಾಯಿ ತಪ್ಪದೆ ಹಾಕಿಸಿಕೊಳ್ಳಿ.

ಬಲಗೈಯಲ್ಲಿ ಊಟ, ಕೈತೊಳೆಯಲು ಗೋಡೆಗೆ ಸಿಂಕು. ಊಟ ಮುಗಿದ ಮೇಲೆ ಎಲೆಯನ್ನು ನಿಮ್ಮ ಕಡೆಗೆ ಮಡಚಿ. ಊಟ ಚೆನ್ನಾಗಿತ್ತು ಅಂತ ಅಲ್ಲಿ ತಿಳಿಯುತ್ತಾರೆ.

ಬಿಲ್ಲು, ಪಾರ್ಸೆಲ್

ಬೆರಳಿನಿಂದ ಗಾಳಿಯಲ್ಲಿ ಬರೆದ ಹಾಗೆ ಮಾಡಿ "ಬಾಸ್, ಕಿರಾ" ಅಂದರೆ ಲೆಕ್ಕ ಹಾಕಿ ಚೀಟಿ ಕೊಡುತ್ತಾರೆ. ಅದನ್ನು ಬಾಗಿಲ ಬಳಿಯ ಗಲ್ಲಾಕ್ಕೆ ಒಯ್ದು ಹಣ ಕೊಡುವುದು ಹೆಚ್ಚಿನ ಕಡೆ ರೂಢಿ. ಒಂದು ರಿಂಗಿಟ್ ಅಂದರೆ ನಮ್ಮ 20 ರೂಪಾಯಿ ಚಿಲ್ಲರೆ. ಮಾಮಾಕ್‌ನಲ್ಲಿ ಒಂದು ಸಾದಾ ರೊಟ್ಟಿ, ಒಂದು ಚಹಾಕ್ಕೆ ಕೆಲವೇ ರಿಂಗಿಟ್ ಸಾಕು. ಪಕ್ಕದ ಏಸಿ ಹೋಟೆಲಿನಲ್ಲಿ ಅದೇ ನಾಸಿ ಲೆಮಾಕ್‌ಗೆ ಹಲವು ಪಟ್ಟು ಆಗುತ್ತದೆ. ಅಂಥ ಕಡೆ ಬಿಲ್ಲಿಗೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್, 6 ಪರ್ಸೆಂಟ್ ತೆರಿಗೆ ಸೇರುವುದುಂಟು, ಮೆನುವಿನ ಕೊನೆಯ ಸಾಲು ಓದಿ. ಟಿಪ್ಸ್ ಕೊಡುವ ಅಭ್ಯಾಸ ಇಲ್ಲ. ಒಟ್ಟು ಮೊತ್ತವನ್ನು ಹತ್ತಿರದ 5 ಸೆನ್‌ಗೆ ಸರಿಮಾಡುತ್ತಾರೆ, ಒಂದೆರಡು ಸೆನ್ ಹೆಚ್ಚುಕಮ್ಮಿ ಕಂಡರೆ ಅದೇ ಕಾರಣ. ಸಣ್ಣ ನೋಟುಗಳು ಕೈಯಲ್ಲಿರಲಿ. ಅಲ್ಲಿನವರು ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ, ನಿಮ್ಮ ಫೋನಿನಲ್ಲಿ ಅದು ನಡೆಯುತ್ತದೆ ಅಂತ ನಂಬಿ ಹೋಗಬೇಡಿ.

ಭಾನುವಾರ ಸಂಜೆ ಬಂದಿದ್ದರೆ ಊಟಕ್ಕೆ ಮೊದಲು ತೆಲಾವಿಯ ಸಂತೆಯಲ್ಲಿ ಒಂದು ಸುತ್ತು ಹಾಕಿ. ಚೆಂಡೊಲ್ ತಿನ್ನಿ. ಪಾಂದಾನ್ ಎಲೆಯ ಹಸಿರು ಶ್ಯಾವಿಗೆ, ತೆಂಗಿನಹಾಲು, ಐಸು, ಮೇಲೆ ತೆಂಗಿನ ಬೆಲ್ಲದ ಪಾಕ. ಕಡಲೆಬೀಜ ಆಗದವರು ಅಪಾಮ್ ಬಾಲಿಕ್ ಅನ್ನುವ ಸಿಹಿ ದೋಸೆಯಿಂದ, ಸಾತೆ ಅನ್ನುವ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸದ ಜೊತೆ ಕೊಡುವ ಸಾರಿನಿಂದ ದೂರ ಇರಿ. ಎರಡರಲ್ಲೂ ಕಾಚಾಂಗ್, ಅಂದರೆ ಕಡಲೆಬೀಜ, ಧಾರಾಳ.

ರೂಮಿಗೆ ಒಯ್ಯಬೇಕಾದರೆ "ಬುಂಗ್ಕುಸ್" ಅಥವಾ "ತಪಾವ್" ಅನ್ನಿ. ಅನ್ನವನ್ನು ಕಂದು ಕಾಗದದಲ್ಲಿ ಕಟ್ಟಿ, ಚಹಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ದಾರ ಕಟ್ಟಿ ಕೊಡುತ್ತಾರೆ. ಜೊತೆಗೆ "ಕುವಾ ಆಸಿಂಗ್" ಅನ್ನುವುದನ್ನು ಮರೆಯಬೇಡಿ. ಸಾರು ಬೇರೆ ಕಟ್ಟುತ್ತಾರೆ, ರೂಮಿಗೆ ಹೋಗುವಷ್ಟರಲ್ಲಿ ರೊಟ್ಟಿ ನೆನೆದು ಮುದ್ದೆಯಾಗುವುದಿಲ್ಲ.